ಕತ್ತಲಲ್ಲೂ ಕೈಗೆ ಸಿಗುವ ಹಾಡಿನ ಪೆಟ್ಟಿಗೆ

ರಾತ್ರಿ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು, ಒಂದಿಡೀ ಆಲ್ಬಮ್ ಕೇಳಿ ಮಲಗುವುದು ನನಗೆ ಬಹಳ ವರ್ಷದ ಅಭ್ಯಾಸ. ಫೋನ್ ಕೈಗೆ ಬಂದ ಮೇಲೆ ಅದು ಸ್ವಲ್ಪ ಸ್ವಲ್ಪವಾಗಿ ಕೆಟ್ಟಿತು. ಬೇರೆ ಆಲ್ಬಮ್ ಹಾಕೋಣ ಅಂತ ಎತ್ತಿಕೊಂಡರೆ ಪರದೆಯ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಬೆಳಕಿನ ಜೊತೆಗೆ ನಾಲ್ಕು ಮೆಸೇಜ್ ಕಾಣುತ್ತವೆ. ಒಂದಕ್ಕೆ ಉತ್ತರ ಬರೆದು ಮುಗಿಸುವಷ್ಟರಲ್ಲಿ ಕೇಳುವ ಮನಸ್ಸೇ ಚದುರಿ ಹೋಗಿರುತ್ತದೆ.

ಚಿಕ್ಕಂದಿನಲ್ಲಿ ನಾನು ಮುಟ್ಟಿದ ರೇಡಿಯೋ ಹೀಗಿರಲಿಲ್ಲ. ಎಡಗಡೆಯ ನಾಬ್ ತಿರುಗಿಸಿದರೆ ಮೊದಲು ‘ಟಕ್’ ಅನ್ನುತ್ತಿತ್ತು. ಅದು ಆನ್ ಆದ ಗುರುತು. ಅದೇ ನಾಬನ್ನು ಮುಂದೆ ತಿರುಗಿಸುತ್ತ ಹೋದರೆ ದನಿ ಏರುತ್ತಿತ್ತು. ಹಿಂದಕ್ಕೆ ತಂದರೆ ಇಳಿಯುತ್ತಿತ್ತು, ಕೊನೆಗೆ ಮತ್ತೆ ‘ಟಕ್’. ಕಣ್ಣಿಗೆ ಏನೂ ಕೆಲಸ ಇರಲಿಲ್ಲ. ಕೈ ಕೇಳಿದ್ದಕ್ಕೆ ಕೈಗೇ ಉತ್ತರ ಸಿಗುತ್ತಿತ್ತು.

ಅಂಥದ್ದೇ ಒಂದು ಪೆಟ್ಟಿಗೆ ಬೇಕು, ಅದರೊಳಗೆ ನನ್ನ ಸಂಗ್ರಹದ ಹಾಡುಗಳಿರಬೇಕು ಅನ್ನಿಸಿತು. ಒಂದು ಹಾಳೆಯ ಮೇಲೆ ಎರಡೇ ಸಾಲು ಬರೆದುಕೊಂಡೆ. ಪೂರ್ತಿ ಕತ್ತಲಲ್ಲಿ ಬಳಸಲು ಬರಬೇಕು. ಏನು ಮುಟ್ಟಿದರೂ ಕೈಗೆ ಉತ್ತರ ಬರಬೇಕು. ಆ ಎರಡು ಸಾಲು ನಿಜ ಮಾಡಲು ಐದು ತಿಂಗಳ ಶನಿವಾರ ಭಾನುವಾರಗಳು ಹೋದವು.

ಮೊದಲು ಹಿಡಿದದ್ದು ಡಿಎಫ್‌ಪ್ಲೇಯರ್ ಮಿನಿ ಅನ್ನುವ ಪುಟ್ಟ ಮಾಡ್ಯೂಲ್. ಬೆರಳಿನ ತುದಿಯಷ್ಟಿದೆ. ಮೈಕ್ರೋ ಎಸ್‌ಡಿ ಕಾರ್ಡ್ ಹಾಕಿ, ಆರ್ಡುಯಿನೋ ಅನ್ನುವ ಪುಟ್ಟ ನಿಯಂತ್ರಕ ಬೋರ್ಡಿನಿಂದ ಒಂದು ಆಜ್ಞೆ ಕಳಿಸಿದರೆ ಹಾಡುತ್ತದೆ. ಒಂದೇ ಸಂಜೆಯಲ್ಲಿ ಎರಡು ಬಟನ್ ಹಾಕಿ ಹಾಡಿಸಿದೆ, ಖುಷಿಯಾಯಿತು. ಮರುದಿನ ಆಲ್ಬಮ್ ಹಾಕಿದರೆ ಹಾಡುಗಳ ಕ್ರಮ ಅಡ್ಡಾದಿಡ್ಡಿ. ಕಾರಣ ಸಿಗಲು ಎರಡು ದಿನ ಬೇಕಾಯಿತು. ‘ಮುಂದಿನ ಹಾಡು’ ಅಂದಾಗ ಅದು ಫೈಲಿನ ಹೆಸರು ನೋಡುವುದಿಲ್ಲ. ಯಾವ ಕ್ರಮದಲ್ಲಿ ಕಾರ್ಡಿಗೆ ಕಾಪಿ ಮಾಡಿದ್ದೇವೋ ಅದೇ ಕ್ರಮದಲ್ಲಿ ಹೋಗುತ್ತದೆ. ಕಾರ್ಡ್ ಫಾರ್ಮ್ಯಾಟ್ ಮಾಡಿ ಒಂದೊಂದೇ ಹಾಡನ್ನು ಸಾಲಾಗಿ ಹಾಕಿದ ಮೇಲೆ ಸರಿಹೋಯಿತು. ಆದರೆ ಫ್ಲ್ಯಾಕ್, ಅಂದರೆ ಗುಣಮಟ್ಟ ಕಳೆಯದೆ ಕುಗ್ಗಿಸಿದ ಹಾಡಿನ ಫೈಲುಗಳನ್ನು ಅದು ಓದುವುದಿಲ್ಲ, ನನ್ನ ಸಂಗ್ರಹ ಬಹುಪಾಲು ಫ್ಲ್ಯಾಕ್‌ನಲ್ಲೇ ಇತ್ತು. ಜೊತೆಗೆ ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗ ಸಣ್ಣ ಮೌನ ಬರುತ್ತಿತ್ತು. ನೇರ ಕಛೇರಿಯ ರೆಕಾರ್ಡಿಂಗ್‌ನಲ್ಲಿ ಚಪ್ಪಾಳೆಯ ನಡುವೆ ಹಾಗೆ ಕತ್ತರಿಸಿದಂತಾದರೆ ಕೇಳಲಾಗುವುದಿಲ್ಲ. ಮಕ್ಕಳ ಆಟಿಕೆಗೆ, ಮಾತಾಡುವ ಗಡಿಯಾರಕ್ಕೆ ಅದು ಒಳ್ಳೆಯ ಮಾಡ್ಯೂಲ್. ನನ್ನ ಕೆಲಸಕ್ಕೆ ಸಾಲಲಿಲ್ಲ.

ಹಾಗಾಗಿ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಬಂದೆ. 65 ಮಿಲಿಮೀಟರ್ ಉದ್ದ, 30 ಮಿಲಿಮೀಟರ್ ಅಗಲ, 512 ಎಂಬಿ ಮೆಮೊರಿ. ಹಾಡು ನುಡಿಸಲು ಇಷ್ಟು ಜಾಸ್ತಿಯೇ. ಹಾಡಿಸುವ ಕೆಲಸವನ್ನು ಎಂಪಿಡಿ, ಅಂದರೆ ಮ್ಯೂಸಿಕ್ ಪ್ಲೇಯರ್ ಡೀಮನ್‌ಗೆ ಬಿಟ್ಟೆ. ಅದಕ್ಕೆ ತನ್ನದೇ ಪರದೆ, ಮುಖ ಅಂತ ಏನೂ ಇಲ್ಲ. ಹಿನ್ನೆಲೆಯಲ್ಲಿ ಕೂತಿರುತ್ತದೆ, ಹೇಳಿದ್ದನ್ನು ಮಾಡುತ್ತದೆ. ಹಾಡುಗಳ ನಡುವೆ ಮೌನ ಬರದಂತೆ ನುಡಿಸಲೂ ಅದಕ್ಕೆ ಬರುತ್ತದೆ. ನನ್ನ ನಾಬು, ಬಟನ್ನುಗಳೇ ಅದಕ್ಕೆ ಮುಖ.

ಝೀರೋ ಬೋರ್ಡಿನಲ್ಲಿ ಹೆಡ್‌ಫೋನ್ ತೂತು ಇಲ್ಲ. ಡಿಜಿಟಲ್ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿ ಬದಲಿಸಲು ಡ್ಯಾಕ್ ಬೇಕು. ಪಿಸಿಎಂ5102ಎ ಚಿಪ್ ಇರುವ ನೇರಳೆ ಬಣ್ಣದ ಬೋರ್ಡ್ ತಂದೆ. ಪೈನಿಂದ ಅದಕ್ಕೆ ಐ2ಎಸ್, ಅಂದರೆ ಡಿಜಿಟಲ್ ದನಿ ಸಾಗಿಸುವ ಸಂಪರ್ಕದ ಮೂರೇ ತಂತಿ. ಜಿಪಿಐಒ, ಅಂದರೆ ಪ್ರೋಗ್ರಾಂ ಹೇಳಿದಂತೆ ನಡೆಯುವ ಪೈನ ಪಿನ್‌ಗಳಲ್ಲಿ, 18ರಿಂದ ಬಿಟ್ ಕ್ಲಾಕ್, 19ರಿಂದ ಎಡ ಬಲ ಹೇಳುವ ಕ್ಲಾಕ್, 21ರಿಂದ ಹಾಡಿನ ಡೇಟಾ. ಕಾನ್ಫಿಗ್ ಫೈಲಿನಲ್ಲಿ ಹೈಫೈಬೆರಿ ಡ್ಯಾಕ್‌ನ ಓವರ್‌ಲೇ, ಅಂದರೆ ಯಾವ ಬೋರ್ಡ್ ಜೋಡಿಸಿದ್ದೇನೆ ಅಂತ ಪೈಗೆ ಹೇಳುವ ಸಾಲು ಸೇರಿಸಿದೆ. ಎಂಪಿಡಿ ‘ಹಾಡುತ್ತಿದ್ದೇನೆ’ ಅನ್ನುತ್ತಿದೆ, ಕಿವಿಯಲ್ಲಿ ಏನೂ ಇಲ್ಲ. ಇಡೀ ಭಾನುವಾರ ಹಾಗೇ ಹೋಯಿತು. ತಪ್ಪು ಇದ್ದದ್ದು ಬೋರ್ಡಿನ ಹಿಂಬದಿಯಲ್ಲಿ. ಅಲ್ಲಿ ಬೆಸುಗೆ ಹಾಕಿ ಸೇರಿಸಬೇಕಾದ ನಾಲ್ಕು ಪುಟ್ಟ ಜಾಗಗಳಿವೆ. ಅದರಲ್ಲಿ ಒಂದು ಮ್ಯೂಟ್‌ನದ್ದು. ಅದನ್ನು ಮೇಲಿನ ವೋಲ್ಟೇಜಿಗೆ ಸೇರಿಸದಿದ್ದರೆ ಚಿಪ್ ಬಾಯಿ ಮುಚ್ಚಿಕೊಂಡೇ ಇರುತ್ತದೆ. ಮುಂಭಾಗದಲ್ಲಿ ಎಸ್‌ಸಿಕೆ ಅನ್ನುವ ಇನ್ನೊಂದು ಪಿನ್ ಇದೆ, ಅದನ್ನು ಗ್ರೌಂಡಿಗೆ ಸೇರಿಸಬೇಕು. ಆಗ ಚಿಪ್ ತನಗೆ ಬೇಕಾದ ಕ್ಲಾಕನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಎರಡು ಹನಿ ಬೆಸುಗೆ ಹಾಕಿದೆ, ಹಾಡು ಬಂತು. ಈ ಬೋರ್ಡ್ ಕೊಳ್ಳುವವರು ಮೊದಲು ಅದನ್ನು ಮಗುಚಿ ಹಿಂಬದಿ ನೋಡಿ, ನನ್ನಂತೆ ಒಂದು ಭಾನುವಾರ ಕಳೆದುಕೊಳ್ಳಬೇಡಿ.

ಇನ್ನೊಂದು ಮಾತು. ಈ ಡ್ಯಾಕ್ ಕೊಡುವುದು ಲೈನ್ ಮಟ್ಟದ ಸಿಗ್ನಲ್, 2.1 ವೋಲ್ಟ್. ಮುಂದಿರುವ ಸರ್ಕ್ಯೂಟ್ ಕನಿಷ್ಠ 1000 ಓಮ್ ಇರಬೇಕು ಅಂತ ಚಿಪ್‌ನ ಡೇಟಾಶೀಟ್ ಹೇಳುತ್ತದೆ. ಸಾಮಾನ್ಯ ಹೆಡ್‌ಫೋನ್ 32 ಓಮ್ ಇರುತ್ತದೆ, ನೇರ ಸಿಕ್ಕಿಸುವುದು ಸರಿಯಲ್ಲ. ನಡುವೆ ಒಂದು ಚಿಕ್ಕ ಹೆಡ್‌ಫೋನ್ ಆಂಪ್ಲಿಫೈಯರ್ ಬೇಕು.

ಇಲ್ಲಿಂದ ನನಗೆ ಹೆಚ್ಚು ಇಷ್ಟವಾದ ಭಾಗ ಶುರು. ದನಿಯ ನಾಬ್.

ಮೊದಲು ದನಿಗೂ ಎನ್‌ಕೋಡರ್ ಹಾಕಿದ್ದೆ. ಅದು ಕೊನೆಯಿಲ್ಲದೆ ತಿರುಗುವ ಜಾತಿ. ಒಂದೊಂದು ‘ಟಿಕ್’ಗೆ ಎಂಪಿಡಿಗೆ ‘ದನಿ ಏರಿಸು’ ಅಂತ ಹೇಳುತ್ತದೆ. ಕೆಲಸ ಮಾಡಿತು, ಆದರೆ ನನ್ನ ಎರಡನೇ ಸಾಲಿಗೆ ಒಪ್ಪಲಿಲ್ಲ. ಕತ್ತಲಲ್ಲಿ ನಾಬ್ ಮುಟ್ಟಿದರೆ ದನಿ ಎಷ್ಟಿದೆ ಅಂತ ಕೈಗೆ ಗೊತ್ತಾಗುವುದಿಲ್ಲ. ಎನ್‌ಕೋಡರ್‌ಗೆ ಆರಂಭವೂ ಇಲ್ಲ, ಅಂತ್ಯವೂ ಇಲ್ಲ. ಒಂದು ರಾತ್ರಿ ಹಿಂದಿನ ದಿನದ ಜೋರು ದನಿಯಲ್ಲೇ ಹಾಡು ಶುರುವಾಗಿ ಕಿವಿ ಗುಂಯ್‌ಗುಟ್ಟಿತು. ಆಗ ಹೊಳೆಯಿತು. ದನಿಯ ವಿಷಯ ಸಾಫ್ಟ್‌ವೇರಿಗೆ ಹೋಗಲೇಬೇಕೆಂದು ಯಾರು ಹೇಳಿದರು? ಡ್ಯಾಕ್‌ಗೂ ಆಂಪ್ಲಿಫೈಯರಿಗೂ ನಡುವೆ ಒಂದು ಪೊಟೆನ್ಶಿಯೋಮೀಟರ್, ಅಂದರೆ ತಿರುಗಿಸಿದಂತೆ ರೋಧ ಬದಲಾಗುವ ‘ಪಾಟ್’ ಕೂರಿಸಿದರೆ ಸಾಕಲ್ವಾ? ಹಳೆಯ ರೇಡಿಯೋದಲ್ಲಿ ಇದ್ದದ್ದೂ ಅದೇ. ಪೈ ಇನ್ನೂ ಎಚ್ಚರವಾಗುತ್ತಿದ್ದರೂ ನಾಬ್ ಕೆಲಸ ಮಾಡುತ್ತದೆ. ಪ್ರೋಗ್ರಾಂ ಸಿಕ್ಕಿಹಾಕಿಕೊಂಡರೂ ದನಿ ಇಳಿಸಬಹುದು. ಎಡ ತುದಿಯಲ್ಲೂ ಬಲ ತುದಿಯಲ್ಲೂ ತಡೆ ಇರುವುದರಿಂದ ನಾಬಿನ ಮೇಲಿನ ಗೆರೆ ಮುಟ್ಟಿದರೆ ಸಾಕು, ದನಿ ಎಷ್ಟಿದೆ ಅಂತ ಗೊತ್ತಾಗುತ್ತದೆ.

ಮನೆಯಲ್ಲಿ ಬಿದ್ದಿದ್ದ ಬಿ10ಕೆ, ಅಂದರೆ 10 ಕಿಲೋಓಮ್‌ನ ಪಾಟ್ ಹಾಕಿದೆ. ಸ್ವಲ್ಪ ತಿರುಗಿಸುವಷ್ಟರಲ್ಲಿ ದನಿ ದಡಕ್ಕನೆ ಏರಿಬಿಟ್ಟಿತು, ಉಳಿದ ಮುಕ್ಕಾಲು ಭಾಗದಲ್ಲಿ ಅಂಥ ಬದಲಾವಣೆಯೇ ಇಲ್ಲ. ನಮ್ಮ ಕಿವಿ ದನಿಯನ್ನು ಅಳೆಯುವುದು ಕೂಡುವ ಲೆಕ್ಕದಲ್ಲಲ್ಲ, ಗುಣಿಸುವ ಲೆಕ್ಕದಲ್ಲಿ. ದನಿ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಅದಕ್ಕೇ ದನಿಯ ನಾಬಿಗೆ ಲಾಗರಿದಮ್ ಮಾದರಿಯ ಪಾಟ್ ಇರುತ್ತದೆ. ಮೈಮೇಲೆ ‘ಎ’ ಅಂತ ಇದ್ದರೆ ಲಾಗ್, ‘ಬಿ’ ಅಂತ ಇದ್ದರೆ ಸಮನಾಗಿ ಏರುವಂಥದ್ದು. ಒಂದಕ್ಷರದ ವ್ಯತ್ಯಾಸ. ಎ10ಕೆ, ಎಡ ಬಲ ಎರಡಕ್ಕೂ ಸೇರಿ ಜೋಡಿ, ತುದಿಯಲ್ಲಿ ‘ಟಕ್’ ಅನ್ನುವ ಸ್ವಿಚ್ ಸಹಿತ ಇರುವುದನ್ನು ಹುಡುಕಿ ಹಾಕಿದೆ.

ಆಮೇಲೂ ಒಂದು ತೊಂದರೆ ಉಳಿಯಿತು. ನಾನು ರಾತ್ರಿ ಕೇಳುವುದು ಬಹಳ ಮೆಲುದನಿಯಲ್ಲಿ. ನಾಬ್ ಎಡ ತುದಿಗೆ ಹತ್ತಿರ ಇದ್ದಾಗ ಹಾಡು ಬಲಗಿವಿಗೆ ವಾಲಿದಂತೆ ಕೇಳುತ್ತಿತ್ತು. ಹೆಡ್‌ಫೋನ್ ತಿರುಗಿಸಿ ಹಾಕಿದರೆ ಎಡಗಿವಿಗೆ ವಾಲಿತು. ಅಂದರೆ ತಪ್ಪು ಕಿವಿಯದ್ದಲ್ಲ. ಜೋಡಿ ಪಾಟ್‌ನ ಎರಡು ಪಟ್ಟಿಗಳು ತುದಿಯ ಹತ್ತಿರ ಒಂದೇ ಥರ ಇರುವುದಿಲ್ಲ. ನಡುಭಾಗಕ್ಕೆ ಬಂದರೆ ವ್ಯತ್ಯಾಸ ಕೇಳಿಸುವುದಿಲ್ಲ. ಹಾಗಾದರೆ ನನ್ನ ಮೆಲುದನಿಯೇ ನಡುಭಾಗಕ್ಕೆ ಬರಬೇಕು. ಪಾಟ್‌ಗೆ ಹೋಗುವ ಎರಡೂ ತಂತಿಗಳಲ್ಲಿ 33 ಕಿಲೋಓಮ್‌ನ ಒಂದೊಂದು ರೆಸಿಸ್ಟರ್ ಕೂರಿಸಿದೆ. ಸಿಗ್ನಲ್ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆಗೆ ಇಳಿಯಿತು. ಈಗ ರಾತ್ರಿಯ ದನಿ ಸಿಗುವುದು ನಾಬ್ ಅರ್ಧ ತಿರುಗಿದಾಗ. ಎರಡೂ ಕಿವಿ ಸಮ. ಇಡೀ ಕೆಲಸದಲ್ಲಿ ನನಗೆ ತುಂಬ ಸಮಾಧಾನ ಕೊಟ್ಟದ್ದು ಈ ಎರಡು ರೆಸಿಸ್ಟರ್.

ಎನ್‌ಕೋಡರನ್ನು ಬಿಸಾಡಲಿಲ್ಲ. ಹಿಂದಿನ ಹಾಡು, ಮುಂದಿನ ಹಾಡು ಅನ್ನುವುದಕ್ಕೆ ಅದೇ ಸರಿ. ಅಲ್ಲಿ ‘ಎಷ್ಟು’ ಅನ್ನುವುದು ಮುಖ್ಯ ಅಲ್ಲ, ‘ಒಂದು ಹೆಜ್ಜೆ ಆಚೆ, ಒಂದು ಹೆಜ್ಜೆ ಈಚೆ’ ಅನ್ನುವುದು ಮುಖ್ಯ. ಒಂದು ಸುತ್ತಿಗೆ 20 ಟಿಕ್ ಇರುವ ಇಸಿ11 ಅನ್ನುವ ಮಾದರಿ. ಅದರೊಳಗೆ ಎರಡು ಸ್ವಿಚ್‌ಗಳಿವೆ, ಒಂದರ ಹಿಂದೆ ಒಂದು ಮುಚ್ಚಿ ತೆರೆಯುತ್ತವೆ. ಯಾವುದು ಮೊದಲು ಅನ್ನುವುದರಿಂದ ತಿರುಗಿದ ದಿಕ್ಕು ಗೊತ್ತಾಗುತ್ತದೆ. ನನ್ನ ಮೊದಲ ಪ್ರೋಗ್ರಾಂ ಒಂದು ಟಿಕ್‌ಗೆ ಕೆಲವೊಮ್ಮೆ ಮೂರು ಹಾಡು ಹಾರುತ್ತಿತ್ತು, ಕೆಲವೊಮ್ಮೆ ಹಿಂದಕ್ಕೆ ಹೋಗುತ್ತಿತ್ತು. ಲೋಹದ ಎಲೆಗಳು ತಾಗುವಾಗ ಒಮ್ಮೆಗೇ ತಾಗುವುದಿಲ್ಲ. ಕೆಲವು ಮಿಲಿಸೆಕೆಂಡ್ ಪುಟಿಯುತ್ತವೆ, ಪ್ರೋಗ್ರಾಂ ಪ್ರತಿ ಪುಟಿತವನ್ನೂ ಲೆಕ್ಕ ಹಾಕುತ್ತದೆ. ಪ್ರತಿ ಸ್ವಿಚ್‌ಗೆ 10 ಕಿಲೋಓಮ್ ರೆಸಿಸ್ಟರ್, 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ ಅರ್ಧ ತಣಿಸಿದೆ. ಉಳಿದರ್ಧಕ್ಕೆ ಪ್ರೋಗ್ರಾಂ ಬದಲಿಸಿದೆ. ಒಂದು ಟಿಕ್ ಅಂದರೆ ನಾಲ್ಕು ಸ್ಥಿತಿಗಳ ಪೂರ್ತಿ ಒಂದು ಸುತ್ತು. ನಾಲ್ಕೂ ಸರಿಯಾದ ಕ್ರಮದಲ್ಲಿ ಬಂದರೆ ಮಾತ್ರ ಹಾಡು ಬದಲಾಗಬೇಕು, ನಡುವೆ ಎಡವಿದರೆ ಲೆಕ್ಕಕ್ಕಿಲ್ಲ. ಆಮೇಲೆ ಗೊತ್ತಾಯಿತು, ಲಿನಕ್ಸ್ ಕರ್ನೆಲ್‌ನಲ್ಲೇ ಎನ್‌ಕೋಡರ್‌ಗೆ ಡ್ರೈವರ್ ಇದೆ, ಓವರ್‌ಲೇ ಒಂದನ್ನು ಸೇರಿಸಿದರೆ ಸಾಕು ಅಂತ. ಈಗ ಅದನ್ನೇ ಬಳಸುತ್ತಿದ್ದೇನೆ. ಆದರೆ ಕೈಯಾರೆ ಬರೆದು ನೋಡಿದ್ದರಿಂದಲೇ ಒಳಗೆ ಏನಾಗುತ್ತದೆ ಅಂತ ಅರ್ಥವಾಯಿತು.

ಎನ್‌ಕೋಡರ್‌ನ ದಂಡವನ್ನು ಒತ್ತಿದರೆ ಅದೂ ಒಂದು ಬಟನ್. ಹಾಡು ನಿಲ್ಲಿಸಲು ಅದನ್ನೇ ಇಟ್ಟುಕೊಂಡಿದ್ದೆ. ಒತ್ತುವಾಗ ಬೆರಳು ಸ್ವಲ್ಪ ತಿರುಗಿ, ನಿಲ್ಲುವ ಬದಲು ಮುಂದಿನ ಹಾಡಿಗೆ ಹೋಗುವುದು ಪದೇ ಪದೇ ಆಯಿತು. ತಿರುಗಿಸುವುದಕ್ಕೂ ಒತ್ತುವುದಕ್ಕೂ ಒಂದೇ ನಾಬ್ ಬೇಡ ಅಂತ ತೀರ್ಮಾನಿಸಿ, ನಿಲ್ಲಿಸಲು ಕಂಪ್ಯೂಟರ್ ಕೀಬೋರ್ಡಿನ ಒಂದು ಮೆಕ್ಯಾನಿಕಲ್ ಕೀ ಹಾಕಿದೆ. ನೀಲಿ ಜಾತಿಯ ಸ್ವಿಚ್ ಜೋರಾಗಿ ಚಟಗುಟ್ಟುತ್ತದೆ, ಮೆಲ್ಲಗಿನ ಹಾಡಿನ ನಡುವೆ ಅದು ಕಿವಿಗೆ ಚುಚ್ಚುತ್ತದೆ. ಕೆಂಪು ಜಾತಿಯದ್ದು ಸದ್ದಿಲ್ಲದೆ ಇಳಿಯುತ್ತದೆ, ಆದರೆ ಒತ್ತಿದ್ದು ಎಲ್ಲಿ ತಾಗಿತು ಅಂತ ಬೆರಳಿಗೆ ಗೊತ್ತಾಗದು. ಕಂದು ಜಾತಿಯಲ್ಲಿ ಸದ್ದು ಕಡಿಮೆ, ನಡುವೆ ಸಣ್ಣದೊಂದು ಉಬ್ಬು ಬೆರಳಿಗೆ ಸಿಗುತ್ತದೆ. ಅದೇ ಉಳಿಯಿತು.

ಪರದೆಯ ಕಥೆ ಸ್ವಲ್ಪ ಉದ್ದ. ಹಾಡಿನ ಹೆಸರು ಕಾಣಬೇಕಲ್ಲ ಅಂತ 0.96 ಇಂಚಿನ ಓಎಲ್‌ಇಡಿ ಹಾಕಿದ್ದೆ. ಅಡ್ಡ 128 ಚುಕ್ಕಿ, ಉದ್ದ 64 ಚುಕ್ಕಿ. ಇಂಗ್ಲಿಷ್ ಹೆಸರುಗಳು ಮೊದಲ ದಿನವೇ ಬಂದವು. ಕನ್ನಡದ ಹೆಸರುಗಳು ಚೂರುಚೂರಾಗಿ ಬಂದವು. ‘ಸೂರ್ಯ’ ಅಂತ ಬರೆದರೆ ರ್ ಬೇರೆ, ಯ ಬೇರೆ. ಅರ್ಕಾವೊತ್ತು ಕಾಣಿಸಲೇ ಇಲ್ಲ. ಕಂಪ್ಯೂಟರಿನಲ್ಲಿ ರಕಾರ ಮೊದಲು ಕೂತಿರುತ್ತದೆ, ಬರಹದಲ್ಲಿ ಅರ್ಕಾವೊತ್ತು ಆಮೇಲೆ ಬರುತ್ತದೆ. ಈ ಜೋಡಣೆ ಮಾಡಲು ಅಕ್ಷರಗಳ ನಿಯಮ ತಿಳಿದ ಒಂದು ಪ್ರೋಗ್ರಾಂ ನಡುವೆ ಇರಬೇಕು. ಪೈಥಾನ್‌ನ ಪಿಲ್ಲೋ ಲೈಬ್ರರಿ ಅಕ್ಷರಗಳನ್ನು ಸುಮ್ನೆ ಒಂದರ ಪಕ್ಕ ಒಂದು ಇಡುತ್ತಿತ್ತು. ಅದಕ್ಕೆ ರಾಕ್ಮ್ ಅನ್ನುವ ಜೋಡಣೆಯ ಲೈಬ್ರರಿ ಸೇರಿಸಿ, ನೋಟೋ ಸಾನ್ಸ್ ಕನ್ನಡ ಫಾಂಟ್ ಕೊಟ್ಟ ಮೇಲೆ ‘ಸೂರ್ಯ’ ಸೂರ್ಯನಾಗಿಯೇ ಬಂತು. ಆ ಪುಟ್ಟ ಪರದೆಯ ಮೇಲೆ ನೀಲಿ ಚುಕ್ಕಿಗಳಲ್ಲಿ ಒತ್ತಕ್ಷರ ಸರಿಯಾಗಿ ಕೂತದ್ದನ್ನು ಬಹಳ ಹೊತ್ತು ನೋಡುತ್ತ ಕೂತಿದ್ದೆ. ಇಂಗ್ಲಿಷ್ ಎಂಟು ಸಾಲು ಹಿಡಿಯುವ ಜಾಗದಲ್ಲಿ ಕನ್ನಡ ಎರಡೇ ಸಾಲು. ಮೇಲೆ ಗುಣಿತದ ಗುಡಿಸು, ಕೆಳಗೆ ಒತ್ತು, ಎರಡಕ್ಕೂ ಜಾಗ ಬಿಡಬೇಕು. ಮೂರು ವಾರದ ಕೆಲಸ ಅದು.

ಹಾಗಿದ್ದೂ ಆ ಪರದೆ ಈಗ ಪೆಟ್ಟಿಗೆಯಲ್ಲಿ ಇಲ್ಲ. ಒಂದು ರಾತ್ರಿ ಅದರ ತಂತಿ ಸಡಿಲವಾಗಿ ಆರಿಹೋಯಿತು. ಎದ್ದು ಸರಿಮಾಡಲು ಬೇಸರವಾಗಿ ಹಾಗೇ ಕೇಳಿದೆ. ಆ ರಾತ್ರಿ ನಾನು ಒಮ್ಮೆಯೂ ಕಣ್ಣು ತೆರೆಯಲಿಲ್ಲ. ಹಿಂದಿನ ರಾತ್ರಿಗಳಲ್ಲಿ ಪ್ರತಿ ಹಾಡು ಶುರುವಾದಾಗಲೂ ತಲೆ ಎತ್ತಿ ಹೆಸರು ನೋಡುತ್ತಿದ್ದೆ ಅನ್ನುವುದು ಆಗಲೇ ಗಮನಕ್ಕೆ ಬಂತು. ಆ ಹಾಡುಗಳನ್ನು ಅಲ್ಲಿ ಹಾಕಿದವನು ನಾನೇ. ಹೆಸರು ನೋಡದಿದ್ದರೂ ನನಗೆ ಅವು ಗೊತ್ತು. ನನ್ನ ಮೊದಲ ಸಾಲು ‘ಪೂರ್ತಿ ಕತ್ತಲು’ ಅಂತ ಹೇಳುತ್ತದೆ, ಪರದೆ ಇದ್ದರೆ ಅದು ಪೂರ್ತಿ ಕತ್ತಲಲ್ಲ.

ಪರದೆ ತೆಗೆದರೆ ಆಲ್ಬಮ್ ಆರಿಸುವುದು ಹೇಗೆ? ಇದಕ್ಕೆ ಉತ್ತರವಾಗಿ ಬಂದದ್ದು 12 ಸ್ಥಾನದ ರೋಟರಿ ಸ್ವಿಚ್. ಒಂದೊಂದು ಸ್ಥಾನಕ್ಕೂ 30 ಡಿಗ್ರಿ. ಗಟ್ಟಿ ‘ಕಟಕ್’ ಅಂತ ಕೂರುತ್ತದೆ. ಅದಕ್ಕೆ ಮೂತಿ ಇರುವ ನಾಬ್ ಹಾಕಿದೆ, ಮುಟ್ಟಿದರೆ ಯಾವ ಕಡೆ ಮುಖ ಮಾಡಿದೆ ಅಂತ ಗೊತ್ತಾಗುತ್ತದೆ. ಗಡಿಯಾರದ ಮುಖದಂತೆ ಮೇಲೆ 12, ಬಲಕ್ಕೆ 3, ಕೆಳಗೆ 6, ಎಡಕ್ಕೆ 9. ಒಂದೊಂದು ಗಂಟೆಗೆ ಒಂದು ಫೋಲ್ಡರ್. 12 ಸ್ಥಾನಕ್ಕೆ ಪೈನ 12 ಪಿನ್ ಕೊಟ್ಟೆ. ಪರದೆ ಇಲ್ಲದ್ದರಿಂದ ಪಿನ್‌ಗಳಿಗೆ ಬರ ಇರಲಿಲ್ಲ. 2001ರಲ್ಲಿ ಬಂದ ಮೊದಲ ಐಪಾಡ್‌ನ ಚಕ್ರ ನಿಜವಾಗಿಯೂ ತಿರುಗುತ್ತಿತ್ತು. ಮರುವರ್ಷದ ಮಾದರಿಯಲ್ಲೇ ಅದು ಸವರುವ ಚಕ್ರವಾಯಿತು. ಸಾವಿರ ಹಾಡಿನ ಪಟ್ಟಿಯಲ್ಲಿ ಓಡಲು ಚಕ್ರ ಬೇಕು, ಓಡುವುದನ್ನು ನೋಡಲು ಪರದೆಯೂ ಬೇಕು. ನನಗೆ ಸಾವಿರ ಹಾಡಿನಲ್ಲಿ ಓಡುವುದು ಬೇಕಿರಲಿಲ್ಲ. ಹನ್ನೆರಡು ಮನೆ ಸಾಕು.

ಅದರ ನಡವಳಿಕೆ ಸರಿಮಾಡಲು ಮಾತ್ರ ಬಹಳ ಸಲ ಬರೆದು ಅಳಿಸಿದೆ. 3ರಿಂದ 7ಕ್ಕೆ ಹೋಗುವಾಗ ನಡುವೆ 4, 5, 6 ಬರುತ್ತವೆ. ಮೊದಲಿಗೆ ಪ್ರತಿಯೊಂದರ ಹಾಡೂ ಒಂದು ಚೂರು ಕೇಳಿ ಕಿರಿಕಿರಿಯಾಯಿತು. ನಾಬ್ ನಿಂತು ಒಂದು ಸೆಕೆಂಡ್ ಆದ ಮೇಲೆ ಬದಲಿಸು ಅಂತ ಮಾಡಿದೆ. ಆಗ ಹಳೆಯ ಹಾಡು ಇನ್ನೂ ಬರುತ್ತಲೇ ಇರುತ್ತದೆ, ನನ್ನ ಮಾತು ಅದಕ್ಕೆ ಕೇಳಿಸಿತೋ ಇಲ್ಲವೋ ಅನ್ನಿಸುತ್ತದೆ. ಕೊನೆಗೆ ಹೀಗೆ ಉಳಿಯಿತು: ನಾಬ್ ಸ್ಥಾನ ಬಿಟ್ಟ ಕೂಡಲೇ ಹಳೆಯ ಹಾಡು ನಿಲ್ಲುತ್ತದೆ. ಹೊಸ ಜಾಗದಲ್ಲಿ ಕೂತು 0.3 ಸೆಕೆಂಡ್ ಆದ ಮೇಲೆ ಹೊಸದು ಶುರುವಾಗುತ್ತದೆ. ಪ್ರತಿ ಫೋಲ್ಡರ್ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ 0.3 ಮತ್ತು 1 ಸೆಕೆಂಡಿನ ನಡುವೆ ಪೆಟ್ಟಿಗೆ ಜೀವ ಇರುವಂತೆ ಕಾಣುವುದೋ ಇಲ್ಲವೋ ಅನ್ನುವುದೇ ನಿಂತಿದೆ.

ಆನ್, ಆಫ್‌ನ ಕೆಲಸ ದನಿಯ ನಾಬಿನ ‘ಟಕ್’ಗೆ ಕೊಟ್ಟೆ. ರೇಡಿಯೋದಂತೆ ನೇರ ಕರೆಂಟ್ ಕತ್ತರಿಸುವಂತಿಲ್ಲ. ಕಾರ್ಡಿಗೆ ಏನಾದರೂ ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲುಗಳು ಹಾಳಾಗುತ್ತವೆ. ಹಾಗೆ ಎರಡು ಸಲ ಕಾರ್ಡ್ ಹಾಳಾಗಿ ಎಲ್ಲವನ್ನೂ ಮೊದಲಿಂದ ಹಾಕಿದ್ದೇನೆ. ಈಗ ಸ್ವಿಚ್ ಹೋಗುವುದು ಜಿಪಿಐಒ 3ಕ್ಕೆ. ಸ್ವಿಚ್ ತೆರೆದರೆ ಪೈ ಕ್ರಮವಾಗಿ ಮಲಗುತ್ತದೆ, ಮುಚ್ಚಿದರೆ ಎಚ್ಚರವಾಗುತ್ತದೆ. ಮಲಗಿದ ಬೋರ್ಡನ್ನು ಎಬ್ಬಿಸುವ ಶಕ್ತಿ ಈ ಪಿನ್‌ಗೆ ಇದೆ. ಆ ಓಎಲ್‌ಇಡಿಯ ಐ2ಸಿ ತಂತಿಯೂ ಇದೇ ಪಿನ್‌ಗೆ ಬರುತ್ತಿತ್ತು. ಪರದೆ ಹೋದದ್ದರಿಂದ ಈ ಜಗಳವೂ ಮುಗಿಯಿತು. ಕಾರ್ಡಿನಲ್ಲಿ ಲಿನಕ್ಸ್ ಇರುವ ಭಾಗವನ್ನು ಓದಲು ಮಾತ್ರ ಬರುವಂತೆ ಬೀಗ ಹಾಕಿದೆ. ಹಾಡು ಎಲ್ಲಿ ನಿಂತಿತು ಅನ್ನುವ ಗುರುತಿಗೆ ಮಾತ್ರ ಪುಟ್ಟ ಬೇರೆ ಪಾರ್ಟಿಷನ್, ಅಲ್ಲಿಗೂ ಬರೆಯುವುದು ಮಲಗುವ ಮುಂಚೆ ಒಮ್ಮೆ. ಇನ್ನೊಂದು ಲಾಭ ತಾನಾಗಿ ಬಂತು. ಪೈ ಏಳುವಾಗ, ಮಲಗುವಾಗ ಡ್ಯಾಕ್‌ನಿಂದ ‘ಧಪ್’ ಅಂತ ಸದ್ದು ಬರುತ್ತದೆ. ಸ್ವಿಚ್ ಟಕ್ ಅನ್ನುವ ಹೊತ್ತಿಗೆ ದನಿ ಸೊನ್ನೆಯಲ್ಲಿರುವುದರಿಂದ ಅದು ಕಿವಿಗೆ ಬರುವುದೇ ಇಲ್ಲ. ದನಿಯನ್ನೂ ಸ್ವಿಚ್ಚನ್ನೂ ಒಂದೇ ದಂಡಕ್ಕೆ ಕಟ್ಟಿದ ಹಳಬರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಎಚ್ಚರವಾಗಲು ಮೊದಲು ಅರ್ಧ ನಿಮಿಷ ಬೇಕಾಗುತ್ತಿತ್ತು. ವೈಫೈ, ಬ್ಲೂಟೂತ್, ನೆಟ್‌ವರ್ಕಿಗೆ ಕಾಯುವ ಸೇವೆಗಳನ್ನು ತೆಗೆದ ಮೇಲೆ 15 ಸೆಕೆಂಡಿಗೆ ಇಳಿಯಿತು. ಆ 15 ಸೆಕೆಂಡ್ ಕೈಗೆ ಉತ್ತರ ಇಲ್ಲ. ಆನ್ ಆಯಿತೋ ಇಲ್ಲವೋ ಅಂತ ಮತ್ತೆ ತಿರುಗಿಸುವ ಹಾಗಾಗುತ್ತದೆ. ಹಳೆಯ ಫೋನ್‌ನಿಂದ ತೆಗೆದ ನಾಣ್ಯದಂಥ ವೈಬ್ರೇಶನ್ ಮೋಟರ್ ಹಾಕಿದೆ. ಪೈನ ಪಿನ್ 16 ಮಿಲಿಆಂಪಿಯರ್‌ಗಿಂತ ಹೆಚ್ಚು ಕೊಡಬಾರದು, ಹಾಗಾಗಿ ನಡುವೆ ಒಂದು ಟ್ರಾನ್ಸಿಸ್ಟರ್, ಮೋಟರಿಗೆ ಅಡ್ಡಲಾಗಿ ಒಂದು ಡಯೋಡ್. ಬೋರ್ಡ್ ಏಳುವ ಮೊದಲ ಹಂತದಲ್ಲೇ ಒಂದು ಪಿನ್ ಏರುವಂತೆ ಕಾನ್ಫಿಗ್ ಫೈಲಿನಲ್ಲಿ ಬರೆಯಬಹುದು. ಈಗ ಟಕ್ ಅಂದ ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಅಂಗೈಯಲ್ಲಿ ಒಮ್ಮೆ ನಡುಗುತ್ತದೆ. ಬರುತ್ತಿದ್ದೇನೆ ಅಂತ.

ಬ್ಯಾಟರಿಗೆ 18650 ಅನ್ನುವ ಲಿಥಿಯಂ ಸೆಲ್ ಒಂದು, ಚಾರ್ಜ್ ಮಾಡಲು ಟಿಪಿ4056 ಬೋರ್ಡ್, 5 ವೋಲ್ಟಿಗೆ ಏರಿಸುವ ಬೂಸ್ಟ್ ಬೋರ್ಡ್. ಬ್ಯಾಟರಿಯಲ್ಲಿ ಓಡಿಸಿದ ಮೊದಲ ದಿನ ಹಾಡಿನ ಹಿಂದೆ ಸಣ್ಣಗೆ ‘ಝಿಂಯ್’ ಅನ್ನುವ ಸದ್ದು. ಹಾಡು ಬದಲಾದಾಗ ಆ ಸದ್ದೂ ಬದಲಾಗುತ್ತಿತ್ತು. ಪೈ ಜಗ್ಗಿ ಎಳೆಯುವ ಕರೆಂಟ್, ಡ್ಯಾಕ್‌ನ ಗ್ರೌಂಡ್ ತಂತಿಯಲ್ಲೇ ವಾಪಸ್ಸು ಹೋಗುತ್ತಿತ್ತು. ಎಲ್ಲ ಗ್ರೌಂಡ್‌ಗಳನ್ನೂ ಬೇರೆ ಬೇರೆ ತಂತಿಯಲ್ಲಿ ತಂದು ಒಂದೇ ಕಡೆ ಕೂಡಿಸಿದೆ. ಆಂಪ್ಲಿಫೈಯರಿಗೆ ಬೂಸ್ಟ್‌ನಿಂದ ಕೊಡುವ ಬದಲು ನೇರ ಬ್ಯಾಟರಿಯಿಂದ ಕೊಟ್ಟೆ. ಮೌನ ನಿಜವಾಗಿಯೂ ಮೌನವಾಯಿತು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 7 ಗಂಟೆ ಹಾಡುತ್ತದೆ. ಚಾರ್ಜ್ ಆಗುವಾಗ ಹಾಡಿಸುವುದಿಲ್ಲ. ಹರಿವು ಹತ್ತನೇ ಒಂದಕ್ಕೆ ಇಳಿದಾಗ ಟಿಪಿ4056 ಚಾರ್ಜ್ ನಿಲ್ಲಿಸುತ್ತದೆ. ಜೊತೆಗೆ ಪೈ ಕೂಡ ಎಳೆಯುತ್ತಿದ್ದರೆ ಅದಕ್ಕೆ ಆ ಲೆಕ್ಕ ಸಿಗುವುದೇ ಇಲ್ಲ. ಮಲಗಿದ ಬೋರ್ಡೂ ಸ್ವಲ್ಪ ಕರೆಂಟ್ ಕುಡಿಯುತ್ತಿರುತ್ತದೆ, ಅದಕ್ಕೆ ಹಿಂಬದಿಯಲ್ಲಿ ಒಂದು ಜಾರು ಸ್ವಿಚ್. ಸೆಲ್‌ನ ಮೈಗೆ ಮಾತ್ರ ನೇರವಾಗಿ ಬೆಸುಗೆ ಹಾಕಬೇಡಿ. ಬಿಸಿ ತಾಗಿದರೆ ಅಪಾಯ, ಹೋಲ್ಡರ್ ಬಳಸಿ.

ಪೆಟ್ಟಿಗೆಯನ್ನು ಮರದಲ್ಲಿ ಮಾಡಿದೆ. ಮುಂಭಾಗಕ್ಕೂ 12 ಮಿಲಿಮೀಟರ್ ಹಲಗೆ ಕೊರೆದು ಪಾಟ್ ತೂರಿಸಿದರೆ ತಿರುಪಿನ ಕುತ್ತಿಗೆ ಆಚೆ ಬರಲೇ ಇಲ್ಲ, ನಟ್ ಹಾಕುವುದೆಲ್ಲಿ? ಮುಂಭಾಗಕ್ಕೆ 2 ಮಿಲಿಮೀಟರ್ ಅಲ್ಯೂಮಿನಿಯಂ ತಗಡು ಬಂತು. ಪಾಟ್‌ನ ಮೈಯಲ್ಲಿ ಒಂದು ಸಣ್ಣ ಹಲ್ಲು ಇರುತ್ತದೆ. ಅದಕ್ಕೂ ಒಂದು ತೂತು ಕೊರೆಯಬೇಕು, ಇಲ್ಲದಿದ್ದರೆ ಜೋರಾಗಿ ತಿರುಗಿಸಿದಾಗ ಪಾಟ್ ಇಡಿಯಾಗಿ ತಿರುಗಿ ತಂತಿ ಕಿತ್ತುಬರುತ್ತದೆ. ನನ್ನದು ಒಮ್ಮೆ ಕಿತ್ತುಬಂತು.

ಎಲ್ಲ ಜೋಡಿಸಿದ ಮೇಲೆ ಅಕ್ಕನನ್ನು ಕರೆದೆ. ದೀಪ ಆರಿಸಿ ಪೆಟ್ಟಿಗೆಯನ್ನು ಕೈಗೆ ಕೊಟ್ಟೆ. “ಏನೂ ಹೇಳಲ್ಲ, ನೀನೇ ಹಾಡು ಹಾಕಕ್ಕ” ಅಂದೆ. ಟಕ್ ಅಂತ ತಿರುಗಿಸಿದಳು. ನಡುಗಿದ ಕೂಡಲೇ “ಓ, ಎದ್ದಿತು ಕಣೋ” ಅಂದಳು. ಹಾಡು ಬಂತು. ನಿಲ್ಲಿಸು ಅಂದರೆ ಕೀ ಸಿಕ್ಕಿತು. ದನಿ ಕಡಿಮೆ ಮಾಡು ಅಂದರೆ ಮಾತ್ರ ಪಕ್ಕದ ಎನ್‌ಕೋಡರ್ ತಿರುಗಿಸಿ ಹಾಡು ಬದಲಿಸಿಬಿಟ್ಟಳು. ಎರಡೂ ಒಂದೇ ಗಾತ್ರದ ಗುಂಡು ನಾಬ್‌ಗಳು. “ಎರಡೂ ಒಂದೇ ಥರ ಇದೆಯಲ್ಲೋ, ನನಗೆ ಹೇಗೆ ಗೊತ್ತಾಗಬೇಕು?” ಅಂದಳು. ಅವಳು ಹೇಳಿದ್ದು ಸರಿ. ಎಲ್ಲಿ ಏನಿದೆ ಅಂತ ಮೊದಲೇ ಗೊತ್ತಿದ್ದರಿಂದ ನನಗೆ ಅದು ಕಾಣಲೇ ಇಲ್ಲ. ದನಿಗೆ ದೊಡ್ಡ ನುಣುಪು ನಾಬ್ ಹಾಕಿದೆ. ಎನ್‌ಕೋಡರನ್ನು ಮುಂಭಾಗದಿಂದ ಕಿತ್ತು, ಹೆಬ್ಬೆರಳು ತಾಗುವ ಬಲಬದಿಗೆ ಸಾಗಿಸಿ, ಗೀರು ಗೀರಾದ ಸಣ್ಣ ನಾಬ್ ಕೊಟ್ಟೆ. ಮುಂಭಾಗದಲ್ಲಿ ಉಳಿದ ತೂತಿಗೆ ಮರದ ಬಿರಡೆ ಮಾಡಿ ಮುಚ್ಚಿದೆ. ಅದೂ ಈಗ ಬೆರಳಿಗೆ ಒಂದು ಗುರುತು. ಬಿರಡೆ ಸಿಕ್ಕಿದರೆ ಅದರ ಎಡಕ್ಕೆ ದನಿ, ಬಲಕ್ಕೆ ಹನ್ನೆರಡು ಮನೆ.

ಒಂದು ವಾರ ಇಟ್ಟುಕೊಂಡು ಕೇಳಿ ವಾಪಸ್ಸು ಕೊಟ್ಟ ಅಕ್ಕ ತನಗೂ ಒಂದು ಬೇಕು ಅಂದಿದ್ದಾಳೆ. “ಹನ್ನೆರಡೆಲ್ಲ ಬೇಡ, ನಾನು ಕೇಳುವುದು ಆರೇ” ಅಂದಳು. ರೋಟರಿ ಸ್ವಿಚ್‌ನ ನಟ್ ಕೆಳಗೆ ಹಲ್ಲಿರುವ ಒಂದು ತೆಳು ಉಂಗುರ ಇರುತ್ತದೆ. ಅದನ್ನು ಎತ್ತಿ ಬೇರೆ ತೂತಿನಲ್ಲಿ ಕೂರಿಸಿದರೆ ನಾಬ್ ಅಲ್ಲಿಗೆ ನಿಲ್ಲುತ್ತದೆ. ನಿನ್ನೆ ಸಂಜೆ ಅದನ್ನು ಆರಕ್ಕೆ ಇಟ್ಟು ತಿರುಗಿಸಿ ನೋಡಿದೆ. ಆರನೆಯದಕ್ಕೆ ಬಂದು ಗಟ್ಟಿಯಾಗಿ ನಿಂತಿತು.